ಕಾಯೋದು, ಕಾಸೋದು

"ನೀರ ಕಾದಾವ, ಏಳು." ಡಿಸೆಂಬರ್ ಬಂತೆಂದರೆ ಬೀದರ, ಭಾಲ್ಕಿ, ಔರಾದ ಕಡೆಯ ಎಷ್ಟೋ ಮನೆಗಳಲ್ಲಿ ದಿನ ಶುರುವಾಗುವುದು ಈ ಮಾತಿನಿಂದ. ನೀರು ನಮಗೆ ಬಹುವಚನ. ಇನ್ನೂ ಬಿಸಿಯಾಗಿಲ್ಲವೆಂದರೆ "ಕಾಯ್ಲತ್ತಾವ" ಎನ್ನುತ್ತೇವೆ. ಸ್ವಲ್ಪ ಹೊತ್ತಿನಲ್ಲೇ ಅದೇ ಮಾತು ಇನ್ನೊಂದು ಕೆಲಸಕ್ಕೆ ಒದಗುತ್ತದೆ: "ಮಾಮಾ ಹೊರಗ ಕಾಯ್ಲತ್ತಾನ, ಲಗೂನ ಬಾ." ರಾತ್ರಿಯೆಲ್ಲ ಹೊಲ ಕಾಯ್ದು ಬಂದವನು ಅಂಗಳದಲ್ಲಿ ಬಿಸಿಲು ಕಾಸಿಕೊಳ್ಳುತ್ತ ಕುಳಿತಿರುತ್ತಾನೆ. ಒಳಗೆ ಒಲೆಯ ಮೇಲೆ ಹಾಲು ಕಾಯುತ್ತಿರುತ್ತದೆ. ಉಳಿದ ಕಾಲದಲ್ಲಿ ಚದುರಿಹೋಗಿರುವ ಈ ಅರ್ಥಗಳೆಲ್ಲ ಥಂಡಿಯಲ್ಲಿ ಒಂದೇ ಮನೆಗೆ ಬಂದು ಕೂಡುತ್ತವೆ.

ನಮ್ಮ ಥಂಡಿಯ ಬಗ್ಗೆ ಹೇಳಿದರೆ ದಕ್ಷಿಣದವರು ಬೇಗ ನಂಬುವುದಿಲ್ಲ. ಬೀದರ ಎಂದರೆ ಅವರಿಗೆ ಬಿಸಿಲು. ಏಪ್ರಿಲ್‌ನಲ್ಲಿ ಕಾದ ಹಂಚಾಗುವ ಈ ಊರು ಸಮುದ್ರಕ್ಕೆ ಬಲು ದೂರ, ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದ ಬಯಲು. ಮೋಡವಿಲ್ಲದ ರಾತ್ರಿ ನೆಲ ಹಗಲಿನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಉತ್ತರದ ಒಣಗಾಳಿಯೂ ಸೇರಿದರೆ, ರಾಜ್ಯದ ಕನಿಷ್ಠ ಉಷ್ಣಾಂಶ ಬೀದರಿನಲ್ಲಿ ದಾಖಲಾಯಿತು ಎಂಬ ಸಾಲು ಮರುದಿನದ ಪತ್ರಿಕೆಯಲ್ಲಿರುತ್ತದೆ.

ಈ 'ಕಾಯುವುದ'ರಲ್ಲಿ ಎರಡು ಮಾತುಗಳಿವೆ ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಬರೋ ಮತ್ತು ಎಮೆನೊ 1961ರಲ್ಲಿ ಹೊರತಂದ ದ್ರಾವಿಡ ನಿಘಂಟಿನಲ್ಲಿ ಬಿಸಿಯಾಗುವ 'ಕಾಯ್' ಒಂದು ಕಡೆ, ರಕ್ಷಿಸುವ ಮತ್ತು ಎದುರುನೋಡುವ 'ಕಾ' ಇನ್ನೊಂದು ಕಡೆ. ಬೇರು ಬೇರೆಯೇ ಇರಬಹುದು, ಅವರ ಮಾತನ್ನು ಅಲ್ಲಗಳೆಯುವುದಿಲ್ಲ. ಆದರೆ ಆಡುವವರ ಬಾಯಲ್ಲಿ ಎರಡೂ ಬೆರೆತು ಎಷ್ಟೋ ಶತಮಾನಗಳಾಗಿವೆ. 'ಕಾದು' ಎಂದರೆ ಬಿಸಿಯಾಗಿ ಎಂದೂ ಹೌದು, ದಾರಿ ನೋಡಿ ಎಂದೂ ಹೌದು. ಔರಾದದ ಎಷ್ಟೋ ಮನೆಗಳಲ್ಲಿ ಮರಾಠಿ, ಕನ್ನಡ ಎರಡೂ ನಡೆಯುತ್ತವೆ. ಅಲ್ಲಿ ನೀರು ಬಿಸಿ ಮಾಡುವುದಕ್ಕೆ, ಹೊಲ ನೋಡಿಕೊಳ್ಳುವುದಕ್ಕೆ, ದಾರಿ ನೋಡುವುದಕ್ಕೆ ಮರಾಠಿಯವರು ಮೂರು ಬೇರೆ ಮಾತು ಬಳಸುತ್ತಾರೆ. ಕನ್ನಡಕ್ಕೆ ತಿರುಗಿದೊಡನೆ ಮೂರೂ ಒಂದಾಗುತ್ತವೆ.

'ಬಿಸಿ' ಎಂಬುದು ಬರಿಯ ಸ್ಥಿತಿ. ಕಾಯಬೇಕೆಂದರೆ ಹೊತ್ತು ಬೇಕು, ಪಕ್ಕದಲ್ಲೊಬ್ಬರು ಇರಬೇಕು. ಭಾಲ್ಕಿಯ ನಮ್ಮ ಮನೆಯ ಹಿತ್ತಲ ಬಚ್ಚಲಿನಲ್ಲಿ ತಾಮ್ರದ ಹಂಡೆಯಿತ್ತು. ಹೊರಮೈಗೆ ಮಸಿ ಎಷ್ಟು ದಪ್ಪಗೆ ಕೂತಿತ್ತೆಂದರೆ ಉಗುರಿನಿಂದ ಗೀಚಿದರೆ ಹಕ್ಕಳೆಯಾಗಿ ಏಳುತ್ತಿತ್ತು. ತೊಗರಿ ರಾಶಿ ಮುಗಿದ ಹೊತ್ತಾದ್ದರಿಂದ ಗೋಡೆಗೆ ತೊಗರಿ ಕಟ್ಟಿಗೆಯ ಹೊರೆ ಒರಗಿರುತ್ತಿತ್ತು. ಅದು ಚಟಚಟ ಎಂದು ಭಗ್ಗನೆ ಹತ್ತಿ ಬೇಗ ಬೂದಿಯಾಗುತ್ತದೆ. ಕುಳ್ಳು ಹಾಗಲ್ಲ. ನಿಧಾನಕ್ಕೆ ಹಿಡಿದು ಕೆಂಡ ಬಹಳ ಹೊತ್ತು ಉಳಿಸುತ್ತದೆ. ಅವ್ವ ಕಟ್ಟಿಗೆಯಿಂದ ಉರಿ ಎಬ್ಬಿಸಿ, ಆಮೇಲೆ ಕುಳ್ಳು ಇಡುತ್ತಿದ್ದಳು. ಬೂದಿಯಲ್ಲಿ ಒಂದೆರಡು ಗೆಣಸು ಹೂಳುತ್ತಿದ್ದಳು. ಮುಚ್ಚಳದ ಅಂಚಿನಲ್ಲಿ ಹಬೆ ಕಾಣಿಸಿದಾಗ ಬೆರಳದ್ದಿ ನೋಡಿ ನಮ್ಮನ್ನು ಎಬ್ಬಿಸುತ್ತಿದ್ದಳು. ಒಬ್ಬರು ಒಂದು ಚರಿಗೆ ತೆಗೆದರೆ ಇನ್ನೊಬ್ಬರು ಒಂದು ಚರಿಗೆ ತಣ್ಣೀರು ಸುರಿಯಬೇಕು, ಅದು ಬಚ್ಚಲಿನ ಕಾಯಿದೆ. ನಾವು ಬೆಚ್ಚಗೆ ಹೊದ್ದು ಮಲಗಿದ್ದ ಹೊತ್ತೆಲ್ಲ ಆಕೆ ಆ ಹೊಗೆಯ ಮುಂದಿದ್ದಳು ಎಂಬುದು ಆಗ ನಮ್ಮ ತಲೆಗೇ ಬಂದಿರಲಿಲ್ಲ. ಈಗ ಗೀಸರ್ ಬಂದಿದೆ, ಬಂದದ್ದು ಒಳ್ಳೆಯದಾಯಿತು. ಆ ಹೊಗೆಗೆ ಕಣ್ಣು ಕೊಟ್ಟವರು ಹೆಂಗಸರೇ. ಹಂಡೆಯನ್ನು ನೆನೆದು ಹಾಡಿ ಹೊಗಳುವವರು ಅದನ್ನೂ ನೆನೆಯಬೇಕು.

ಬೆಣ್ಣೆ ಕಾಸುವುದೂ ಇಂಥದೇ ಕೆಲಸ. ನೊರೆ ಇಳಿದು, ತಳದ ಗಷ್ಟು ಕಂದುಬಣ್ಣಕ್ಕೆ ತಿರುಗುವ ಗಳಿಗೆ ಹಿಡಿಯಬೇಕು, ಕಣ್ಣು ಆಚೆ ಹೋದರೆ ತುಪ್ಪ ಸೀಯುತ್ತದೆ. ಕಾಸುವವರು ಕಾಯಲೇಬೇಕು.

ಈ ಎರಡೂ ಅರ್ಥವನ್ನು ಒಟ್ಟಿಗೆ ಹೊತ್ತಿರುವ ನಾಮಪದ 'ಕಾವು'. ಕೋಳಿಯನ್ನು ಕಾವಿಗೆ ಕೂಡಿಸುತ್ತಾರೆ. 21 ದಿನ ಅದು ಮೊಟ್ಟೆಗೆ ಶಾಖವನ್ನೂ ಕೊಡುತ್ತದೆ, ಕಾವಲೂ ಇರುತ್ತದೆ. ಯಾವುದು ಶಾಖ, ಯಾವುದು ಕಾವಲು ಎಂದು ಬಿಡಿಸಿ ಹೇಳಲಾರಿರಿ. ಬಾಣಂತಿಗೆ, ಕೂಸಿಗೆ ಕೆಂಡದ ಶಾಖದಲ್ಲಿ ಮೈ ಕಾಸುವ ಅಜ್ಜಿಯೂ ಅಷ್ಟೇ. ಕೈಯನ್ನು ಕೆಂಡಕ್ಕೆ ಹಿಡಿದು, ತನ್ನ ಕೆನ್ನೆಗೆ ಮುಟ್ಟಿಸಿಕೊಂಡು ಬಿಸಿ ನೋಡಿ, ಆಮೇಲೆ ಕೂಸಿನ ನೆತ್ತಿಯ ಮೇಲಿಡುತ್ತಾಳೆ.

ಅರಸರಿಗೂ ಯಾರೋ ನೀರು ಕಾಸಿದ್ದಾರೆ. 15ನೇ ಶತಮಾನದಲ್ಲಿ ಬಹಮನಿ ಅಹ್ಮದ್ ಶಾಹ ಕಲಬುರಗಿ ಬಿಟ್ಟು ಬೀದರಿಗೆ ರಾಜಧಾನಿ ತಂದ. ಕೋಟೆಯ ಒಳಗೆ ಈಗ ಪುರಾತತ್ವ ವಸ್ತುಸಂಗ್ರಹಾಲಯ ಇರುವುದು ಹಳೆಯ ಶಾಹಿ ಹಮಾಮಿನಲ್ಲಿ, ಅಂದರೆ ಅರಮನೆಯ ಸ್ನಾನಗೃಹದಲ್ಲಿ. ನನಗೆ ಅಲ್ಲಿಯ ಶಿಲ್ಪ, ಶಾಸನಗಳಿಗಿಂತ ಆ ಗೋಡೆಗಳ ಮೇಲೇ ಹೆಚ್ಚು ಆಸೆ. ಬೆಳಗಿನ ಜಾವ ಎದ್ದು ಅಲ್ಲಿ ಉರಿ ಹಾಕಿದವರ ಹೆಸರು ಯಾವ ಶಾಸನದಲ್ಲೂ ಬಂದಿಲ್ಲ.

ಅದೇ ಕೋಟೆಯ ಮಣ್ಣು ಬಿದರಿ ಕಲೆಗೆ ಬೇಕು. ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂಡಿಸಿ, ಕೊನೆಗೆ ಪಾತ್ರೆಯನ್ನು ಹದವಾಗಿ ಕಾಸಿ ಆ ಮಣ್ಣಿನ ಜೊತೆ ನವಸಾಗರ ಬೆರೆಸಿ ಬಳಿಯುತ್ತಾರೆ. ಮೈಯೆಲ್ಲ ಕಪ್ಪಾಗುತ್ತದೆ, ಬೆಳ್ಳಿಯ ಎಳೆ ಮಾತ್ರ ಬೆಳ್ಳಗೇ ಉಳಿಯುತ್ತದೆ. 2023ರಲ್ಲಿ ಪದ್ಮಶ್ರೀ ಪಡೆದ ಶಾಹ ರಶೀದ್ ಅಹ್ಮದ್ ಖಾದ್ರಿ ಅವರ ಕಸುಬು ಇದು. ಮನೆಯ ಒಂದು ಮೂಲೆಯನ್ನೇ ಕಾರ್ಖಾನೆ ಮಾಡಿಕೊಂಡವರು ಈ ಊರಲ್ಲಿ ಇನ್ನೂ ಇದ್ದಾರೆ. ಥಂಡಿಯಲ್ಲಿ ಕೈ ಸೆಟೆದುಕೊಂಡು ಒಂದು ಸಾಲೂ ಬರೆಯಲು ಬಾರದ ದಿನ ಆ ಕೆಲಸ ನೋಡಿ ಬಂದರೆ ನನಗೆ ಮತ್ತೆ ಮೇಜಿನ ಮುಂದೆ ಕೂರುವ ಹುರುಪು ಬರುತ್ತದೆ.

ಕಾಯುವುದರ ಇನ್ನೊಂದು ಅರ್ಥಕ್ಕೆ ಭಾಲ್ಕಿಯವರು ಕೈ ತೋರಿಸುವುದು ಹಿರೇಮಠದ ಕಡೆಗೆ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು ಚನ್ನಬಸವ ಪಟ್ಟದ್ದೇವರು. 1889ರಲ್ಲಿ ಹುಟ್ಟಿದವರು, 1999ರವರೆಗೆ ಬದುಕಿದರು. 1956ರ ನವೆಂಬರ್ 1ರಂದು ಬೀದರ ಕನ್ನಡನಾಡಿಗೆ ಸೇರುವವರೆಗೆ ಮಾತನ್ನು ಕಾಯ್ದವರು ಅವರು ಎಂದು ನಮ್ಮ ಕಡೆ ಹೇಳುವಾಗ ಎರಡೂ ಅರ್ಥ ಸೇರಿಯೇ ಬರುತ್ತವೆ. ಕನ್ನಡವನ್ನು ಆರಗೊಡಲಿಲ್ಲ ಎಂದೂ ಹೌದು, ಆ ದಿನಕ್ಕಾಗಿ ಕಾದರು ಎಂದೂ ಹೌದು.

ಔರಾದಕ್ಕೆ ಇನ್ನೂ ರೈಲಿಲ್ಲ. ಭಾಲ್ಕಿಯವರು ಸ್ಟೇಷನ್ನಿನಲ್ಲಿ ಗಾಡಿ ಕಾಯುತ್ತಾರೆ, ಔರಾದದವರು ಬಸ್ಸು ಕಾಯುತ್ತ ರೈಲನ್ನೂ ಕಾಯುತ್ತಿದ್ದಾರೆ. ಹೈದರಾಬಾದಿಗೆ, ಪುಣೆಗೆ ದುಡಿಯಲು ಹೋದ ಮಕ್ಕಳು ಎಳ್ಳ ಅಮವಾಸಿಗೆ ಬರುತ್ತಾರೆಂದು ಮನೆಗಳು ಕಾಯುತ್ತವೆ. ಹಸಿ ಕಾಳು, ಸೊಪ್ಪು ಎಲ್ಲ ಹಾಕಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಅಂಬಲಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಎಲ್ಲರೂ ಒಟ್ಟಿಗೆ ಉಣ್ಣುವ ಹಬ್ಬ ಅದು. ಹೊಲ ಆ ಹೊತ್ತಿಗೆ ಜೋಳ, ಕಡಲೆಯಿಂದ ತುಂಬಿರುತ್ತದೆ. ಹಂದಿ, ಜಿಂಕೆಗಳ ಕಾಟವೂ ಆಗಲೇ. ಹಬ್ಬ ಮುಗಿದ ರಾತ್ರಿಯೂ ಒಬ್ಬರು ಹೊಲದಲ್ಲಿ ಉಳಿಯಲೇಬೇಕು. ಮೊದಲು ಅವರಿಗೆ ಜೊತೆಗಿದ್ದದ್ದು ಕಂಬಳಿ, ಬೆಂಕಿ ಎರಡೇ, ಈಗ ಮೊಬೈಲೂ ಇದೆ. ನಡುರಾತ್ರಿ ಮನೆಯಿಂದ ಫೋನ್ ಬರುತ್ತದೆ. "ಕಾಯ್ಲತ್ತೀಯೋ, ಮಲ್ಕೊಂಡೀಯೋ?" ಎಂದು ಕೇಳುತ್ತಾರೆ. ಬೆಂಕಿ ಕಾಸ್ಕೋ, ಕಿವಿಗೆ ಮಫ್ಲರ್ ಕಟ್ಕೋ ಎನ್ನುತ್ತಾರೆ. ಆ ಕಡೆಯವನು ಹಂದಿ ಬಂದವೋ ಇಲ್ಲವೋ ಎಂಬುದನ್ನು ಹೇಳಿ, ನಾಳೆ ಎಷ್ಟು ಹೊತ್ತಿಗೆ ನೀರು ಕಾಸಬೇಕು ಎಂಬುದನ್ನೂ ಹೇಳಿ ಫೋನ್ ಇಡುತ್ತಾನೆ.