ರೊಕ್ಕಿಲ್ಲ, ಫೋನ್‌ಪೇ ಐತಿ

ಖಾನಾಪುರದ ಸಂತೆಯಲ್ಲಿ ಮೊನ್ನೆ ಕಾಲೇಜು ಹುಡುಗನೊಬ್ಬ ಅರ್ಧ ಕಿಲೋ ಡಬ್ಬು ಮೆಣಸಿನಕಾಯಿ ತೂಗಿಸಿಕೊಂಡು ಮಾರುವ ಅಜ್ಜಿಗೆ ಹೇಳಿದ: “ಯಮ್ಮಾ, ರೊಕ್ಕಿಲ್ಲ ನನ್ನ ಹಂತ್ಯಾಕ, ಫೋನ್‌ಪೇ ಐತಿ.” ಅಜ್ಜಿ ತಕ್ಕಡಿ ಕೆಳಗಿಡದೆ ಕೇಳಿದಳು: “ರೊಕ್ಕಿಲ್ಲಂದ್ರ ಫೋನಿನ್ಯಾಗ ಏನೈತೋ ತಮ್ಮಾ?”

ಹುಡುಗ ನಕ್ಕು ಸುಮ್ಮನಾದ. ನನಗೆ ಸುಮ್ಮನಿರಲಾಗುತ್ತಿಲ್ಲ.

ಬೆಂಗಳೂರಿನವರಿಗೆ ದುಡ್ಡು, ನಮಗೆ ರೊಕ್ಕ. ಹೊಲ ಮಾರಿದರೂ ರೊಕ್ಕ, ಬ್ಯಾಂಕಿನಲ್ಲಿಟ್ಟರೂ ರೊಕ್ಕ, ಅಳಿಯ ಕೇಳುವುದೂ ರೊಕ್ಕವೇ. ನೆರೆಯ ಮರಾಠಿಯಲ್ಲಿ ‘ರೋಖ’ ಎಂದರೆ ಕೈಮೇಲೆ ಎಣಿಸುವ ನಗದು ಮಾತ್ರ. ನಮ್ಮ ಬಾಯಲ್ಲಿ ಮೈತುಂಬಿಕೊಂಡ ಈ ಮಾತನ್ನು ಹುಡುಗ ಮತ್ತೆ ಸೊರಗಿಸಿದ್ದಾನೆ: ಕಿಸೆಯಲ್ಲಿದ್ದರೆ ರೊಕ್ಕ, ಉಳಿದದ್ದು ಫೋನ್‌ಪೇ. ಅದಾದರೂ ಇರಲಿ. ಅವನ ವಾರಿಗೆಯ ಕೆಲವರು ‘ಅಮೌಂಟ್ ಎಷ್ಟ್ರೀ?’ ಎನ್ನುತ್ತಾರೆ. ಎರಡು ಸೂಡು ಕೊತ್ತಂಬರಿಗೆಂಥ ಅಮೌಂಟು?

ಹಳೆಯ ನಾಣ್ಯಗಳಲ್ಲಿ ಗದ್ಯಾಣ, ಹೊನ್ನು ಶಾಸನ ಓದುವವರ ಪಾಲಿಗಿರಲಿ. ಹಲಸಿಯ ಗುಡಿಯಲ್ಲಿ ನಿಂತ ಭೂವರಾಹನ ಹೆಸರು ಚಿನ್ನದ ನಾಣ್ಯಕ್ಕೂ ಇತ್ತೆಂಬುದಷ್ಟೇ ನನಗೆ ಸಾಕು. ನನ್ನ ಕಣ್ಣು ಅಜ್ಜಿಯ ಬುಟ್ಟಿಯ ಮೇಲೆ. ಮರಾಠರ ಕಾಲದ ದಪ್ಪ ತಾಮ್ರದ ನಾಣ್ಯಕ್ಕೆ ಢಬ್ಬು ಎನ್ನುತ್ತಿದ್ದರು. ತೆಲುಗರಿಗೆ ಇಂದಿಗೂ ಡಬ್ಬು ಎಂದರೆ ಹಣ. ನಮ್ಮ ದಪ್ಪ ಮೆಣಸಿನಕಾಯಿಗೆ ಹೆಸರು ಬಂದದ್ದು ಆ ನಾಣ್ಯದಿಂದಲೇ ಎಂಬುದು ನನ್ನ ಹಟ. ಪಂಡಿತರು ಒಪ್ಪದಿದ್ದರೆ ಪಲ್ಯ ತಿಂದು ನೋಡಲಿ. ನಾಣ್ಯ ಸತ್ತರೂ ಮಾತು ಸಾಯುವುದಿಲ್ಲ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆಯಾಯಿತು. ನಾವಿನ್ನೂ ‘ಹದಿನಾರಾಣೆ ಖರೆ’ ಎನ್ನುತ್ತೇವೆ. ‘ನೂರು ಪೈಸೆ ಖರೆ’ ಎಂದವನನ್ನು ಯಾರು ನಂಬುತ್ತಾರೆ?

ಇನ್ನು ಅಜ್ಜಿಯ ಪ್ರಶ್ನೆ. ಬೆಳಗಾವಿಯ ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲೊಂದು ಹಲಗೆ ತೂಗುತ್ತಿತ್ತು: ‘ಇಂದು ರೋಖ, ನಾಳೆ ಉದ್ರಿ’. ಮಗ್ಗುಲಲ್ಲಿ ಮರಾಠಿಯಲ್ಲೂ ಅದೇ ಮಾತು. ಗಡಿಯ ಜಗಳ ಏನೇ ಇರಲಿ, ಸಾಲ ಕೊಡಬಾರದೆಂಬುದರಲ್ಲಿ ಎರಡೂ ಭಾಷೆಗೆ ಒಮ್ಮತ. ಹೊಸದಾಗಿ ಓದಲು ಕಲಿತಿದ್ದ ನಾನು ಹಲಗೆಯನ್ನು ನಂಬಿ, ಒಂದು ರಾತ್ರಿ ಕಾದು, ಬೆಳಿಗ್ಗೆ ಹೋಗಿ ಕೈಚಾಚಿದೆ: “ಕಾಕಾ, ನಾಳೆ ಆತ್ರಿ. ಪೆಪ್ಪರಮಿಂಟ್ ಉದ್ರಿ ಕೊಡ್ರಿ.” ಕಾಕಾ ಕನ್ನಡಕ ಏರಿಸಿ, “ಹಲಗಿ ಓದಪಾ” ಎಂದರು. ಓದಿದೆ. ಆವತ್ತೂ ‘ಇಂದು ರೋಖ’ ಎಂದೇ ಇತ್ತು. ಭವಿಷ್ಯತ್ಕಾಲವನ್ನು ಯಾವ ಮಾಸ್ತರರೂ ಅಷ್ಟು ಚೆನ್ನಾಗಿ ಕಲಿಸಲಿಲ್ಲ.

ಕಾಕಾನ ಗುಟ್ಟು ತಿಳಿದದ್ದು ದೊಡ್ಡವನಾದ ಮೇಲೆ. ಹಲಗೆಯ ಕೆಳಗೇ ಕೆಂಪು ಬಟ್ಟೆಯ ರಟ್ಟಿನ ಖಾತೆ ಪುಸ್ತಕವಿತ್ತು, ಅದರಲ್ಲಿ ಇಡೀ ಓಣಿಯ ಉದ್ರಿ. ಸಕ್ಕರೆ, ಚಹಾಪುಡಿ ಮನೆಗೆ ಹೋಗುತ್ತಿದ್ದವು. ಪುಸ್ತಕದಲ್ಲಿ ಒಂದು ಸಾಲು ಬೀಳುತ್ತಿತ್ತು. ಪಗಾರವಾದಾಗ ಆ ಸಾಲಿಗೆ ಗೀಟು. ಬೆಳಗಿನಿಂದ ಸಂಜೆಯವರೆಗೆ ನಾಣ್ಯದ ಸಪ್ಪಳವಿಲ್ಲದೆಯೂ ವ್ಯಾಪಾರ ನಡೆಯುತ್ತಿತ್ತು.

ಯಮ್ಮಾ, ಫೋನಿನಲ್ಲಿರುವುದು ಆ ಕೆಂಪು ಪುಸ್ತಕವೇ. ಬ್ಯಾಂಕು ಹುಡುಗನಿಗೆ ಕೊಡಬೇಕಾದ ಬಾಕಿಯಲ್ಲಿ ಒಂದಿಷ್ಟು ಅವನ ಹೆಸರಿನಿಂದ ಕಳೆದು ನಿನ್ನ ಹೆಸರಿಗೆ ಬರೆದರು, ಅಷ್ಟೇ. 2016ರಲ್ಲಿ ಯುಪಿಐ ಬಂದಾಗ ಏನೋ ಹೊಸತೆಂದು ಊರೆಲ್ಲ ಕುಣಿಯಿತು. ಕವಡೆ, ತಾಮ್ರ, ಬೆಳ್ಳಿ, ಕಾಗದವೆಲ್ಲ ದಾಟಿ ರೊಕ್ಕ ಬಂದು ಕೂತದ್ದು ಕಾಕಾನ ಖಾತೆಯಲ್ಲೇ. ಹಲಗೆ ಹೇಳಿದ್ದ ನಾಳೆ ಕೊನೆಗೂ ಬಂದಿದೆ.

ನನ್ನ ಪೆಪ್ಪರಮಿಂಟ್ ಮಾತ್ರ ಇನ್ನೂ ಬಾಕಿ.