ಆನ್‌ಲೈನ್ ಪೋಕರ್ ಮತ್ತು ಮನೆಯ ಅಂತರಜಾಲ: ಗದಗ ಸೀಮೆಯ ಗ್ರಾಹಕರಿಗೊಂದು ಕೈಪಿಡಿ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಪಟ್ಟಣಗಳಲ್ಲಿ ಮನೆಯಲ್ಲಿಯೇ ಕುಳಿತು ಅಂತರಜಾಲದ ಮೂಲಕ ಪೋಕರ್ ಆಡಬಯಸುವವರಿಗೆ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಎದುರಾಗುತ್ತವೆ. ಯಾವ ಸಂಪರ್ಕ ಪಡೆಯಬೇಕು? ತಿಂಗಳಿಗೆ ಎಷ್ಟು ತೆರಬೇಕು? ಇವೆರಡಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ಆಡಬಯಸುವ ಆಟ ಹಣದ ಪಣವಿರುವುದೋ, ಇಲ್ಲದ್ದೋ?

ಕಾನೂನು ಏನೆನ್ನುತ್ತದೆ?

ಇಸ್ಪೀಟಿನ ಆಟಗಳ ಕುರಿತು ನ್ಯಾಯಾಲಯಗಳಲ್ಲಿ ದಶಕಗಳಿಂದ ವಾದ ನಡೆದಿದೆ. ರಮ್ಮಿಯಲ್ಲಿ ಅದೃಷ್ಟಕ್ಕಿಂತ ಕೌಶಲವೇ ಪ್ರಧಾನವೆಂದು ಸುಪ್ರೀಂ ಕೋರ್ಟ್ 1967ರಲ್ಲಿಯೇ ಹೇಳಿತ್ತು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಪಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆ ತಿದ್ದುಪಡಿಯ ಸಂಬಂಧಪಟ್ಟ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು.

ಕೌಶಲವೋ ಅದೃಷ್ಟವೋ ಎಂಬ ಈ ಭೇದವನ್ನೇ 2025ರಲ್ಲಿ ಸಂಸತ್ತು ಬದಿಗಿರಿಸಿತು. ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಮಸೂದೆಗೆ ಲೋಕಸಭೆ ಆಗಸ್ಟ್ 20ರಂದು, ರಾಜ್ಯಸಭೆ 21ರಂದು ಒಪ್ಪಿಗೆ ನೀಡಿದವು. 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಗೆದ್ದರೆ ಹಣ ಬರುವುದೆಂಬ ನಿರೀಕ್ಷೆಯಿಂದ ಶುಲ್ಕವನ್ನೋ ಠೇವಣಿಯನ್ನೋ ಕಟ್ಟಿ ಆಡುವ ಯಾವುದೇ ಆಟವನ್ನು ಒದಗಿಸುವುದು ಈ ಕಾಯ್ದೆಯಂತೆ ಅಪರಾಧ. ಇದಕ್ಕೆ 3 ವರ್ಷಗಳವರೆಗೆ ಸೆರೆವಾಸ, 1 ಕೋಟಿ ರೂ.ವರೆಗೆ ದಂಡ ವಿಧಿಸಬಹುದು. ಜಾಹೀರಾತು ನೀಡಿದವರಿಗೆ 2 ವರ್ಷ ಸೆರೆ, 50 ಲಕ್ಷ ರೂ. ದಂಡದವರೆಗೆ ಶಿಕ್ಷೆಯಿದೆ. ಬ್ಯಾಂಕುಗಳೂ ಪಾವತಿ ಸಂಸ್ಥೆಗಳೂ ಇಂತಹ ಆಟಗಳಿಗೆ ಹಣ ವರ್ಗಾಯಿಸುವಂತಿಲ್ಲ. ಆಡುವವರನ್ನು ದಂಡಿಸುವುದು ಕಾಯ್ದೆಯ ಉದ್ದೇಶವಲ್ಲವೆಂದು ಕೇಂದ್ರ ಸರ್ಕಾರ ತಿಳಿಸಿದೆ. ಹಣದ ಆಟಗಳಿಂದ ದೇಶದಲ್ಲಿ ಸುಮಾರು 45 ಕೋಟಿ ಜನರು ವರ್ಷಕ್ಕೆ 20,000 ಕೋಟಿ ರೂ. ಕಳೆದುಕೊಳ್ಳುತ್ತಿದ್ದಾರೆ ಎಂಬುದು ಆಗ ಸರ್ಕಾರ ಮುಂದಿಟ್ಟ ಅಂದಾಜು.

ಅದೇ ಆಗಸ್ಟ್‌ನಲ್ಲಿ ಪೋಕರ್‌ಬಾಜಿ, ಡ್ರೀಮ್11, ಎಂಪಿಎಲ್ ಮೊದಲಾದ ಸಂಸ್ಥೆಗಳು ಹಣದ ಆಟಗಳನ್ನು ನಿಲ್ಲಿಸಿದವು. ಗೆದ್ದ ಚಿಪ್‌ಗಳನ್ನು ಹಣವಾಗಿ ಪರಿವರ್ತಿಸಲಾಗದ, ಕೇವಲ ವಿನೋದಕ್ಕಾಗಿ ಆಡುವ ಪೋಕರ್ ಈ ನಿಷೇಧದ ವ್ಯಾಪ್ತಿಗೆ ಬರುವುದಿಲ್ಲ. ಈ ಲೇಖನದಲ್ಲಿ ಮುಂದೆ ಹೇಳಿರುವುದೆಲ್ಲವೂ ಅಂತಹ ಆಟಕ್ಕೆ ಸಂಬಂಧಿಸಿದ್ದು.

ಬೇಕಾದುದು ಎಷ್ಟು ವೇಗ?

ದೇಶದ 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದು ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳುತ್ತಿತ್ತು. 2023ರಲ್ಲಿ ಈ ಮಿತಿಯನ್ನು 2 ಎಂಬಿಪಿಎಸ್‌ಗೆ ಏರಿಸಲಾಯಿತು. ಪೋಕರ್ ಆಟಕ್ಕೆ ಈ 2 ಎಂಬಿಪಿಎಸ್ ಕೂಡ ಧಾರಾಳ. ಎಲೆ ಯಾವುದು, ಸರದಿ ಯಾರದು, ಎಷ್ಟು ಚಿಪ್ ಇಟ್ಟರು ಎಂಬಷ್ಟೇ ಮಾಹಿತಿ ತಂತಿಯಲ್ಲಿ ಹರಿಯುವುದರಿಂದ ಡೇಟಾ ಖರ್ಚು ಚಲನಚಿತ್ರ ನೋಡುವುದಕ್ಕೆ ಹೋಲಿಸಿದರೆ ಅತ್ಯಲ್ಪ. ಒಳ್ಳೆಯ ಗುಣಮಟ್ಟದ ಚಲನಚಿತ್ರ ಗಂಟೆಗೆ ಸುಮಾರು 3 ಜಿಬಿ ನುಂಗುತ್ತದೆ.

ಆಟ ಕೆಡುವುದು ಸಂಪರ್ಕ ಕಡಿದುಹೋದಾಗ. ಆಟಗಾರನಿಗೆ ತೀರ್ಮಾನಕ್ಕೆ ದೊರೆಯುವುದು ಕೆಲವೇ ಸೆಕೆಂಡು. ಆ ಹೊತ್ತಿನಲ್ಲಿ ಸಂಪರ್ಕ ಹೋದರೆ ಒಳ್ಳೆಯ ಎಲೆಗಳು ಕೈಯಲ್ಲಿದ್ದರೂ ಸರದಿ ತಪ್ಪುತ್ತದೆ. ಆದ್ದರಿಂದ ನೋಡಬೇಕಾದುದು ಮೂರು ಸಂಗತಿಗಳನ್ನು. ಮೊದಲನೆಯದು ಸಂದೇಶ ಹೋಗಿ ಬರುವ ಕಾಲ, ಅಂದರೆ ಪಿಂಗ್. ಎರಡನೆಯದು ಆ ಕಾಲದಲ್ಲಿನ ಏರಿಳಿತ. ಮೂರನೆಯದು ದಾರಿಯಲ್ಲಿ ಕಳೆದುಹೋಗುವ ಸಂದೇಶಗಳ ಪ್ರಮಾಣ.

ಊರು ದೂರವಿರುವುದರಿಂದ ಆಟ ನಿಧಾನವಾಗುತ್ತದೆ ಎಂಬ ನಂಬಿಕೆ ಸರಿಯಲ್ಲ. ಫೈಬರ್ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಗದಗಿನಿಂದ ಸುಮಾರು 400 ಕಿ.ಮೀ. ದೂರದ ಬೆಂಗಳೂರನ್ನು ತಲುಪಲು ಅದಕ್ಕೆ 2 ಮಿಲಿಸೆಕೆಂಡು ಸಾಕು. ತೊಂದರೆ ಬಹುತೇಕ ಹುಟ್ಟುವುದು ಬೀದಿಯ ಕಂಬದಿಂದ ಮನೆಯ ಕೋಣೆಯವರೆಗಿನ ಕೊನೆಯ ಅಂತರದಲ್ಲಿ.

ಯಾವ ಬಗೆಯ ಸಂಪರ್ಕ?

ಮೊದಲ ಆಯ್ಕೆ ಫೈಬರ್. ಬಿಎಸ್ಎನ್ಎಲ್ 2005ರಲ್ಲಿ ತಾಮ್ರದ ದೂರವಾಣಿ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಆರಂಭಿಸಿತು. ಈಗ ಅದರ ಹೊಸ ಮನೆ ಸಂಪರ್ಕಗಳ ಒತ್ತು ಫೈಬರ್ ಮೇಲಿದ್ದು, ಅನೇಕ ಕಡೆ ಸ್ಥಳೀಯ ಪಾಲುದಾರರ ಮೂಲಕ ಸಂಪರ್ಕ ಕೊಡಲಾಗುತ್ತದೆ. ಖಾಸಗಿ ದೂರಸಂಪರ್ಕ ಸಂಸ್ಥೆಗಳೂ ಕೇಬಲ್ ಟಿವಿ ನಿರ್ವಾಹಕರೂ ಫೈಬರ್ ಎಳೆಯುತ್ತಾರೆ. ರೈಲ್ವೆಯ ಅಂಗಸಂಸ್ಥೆ ರೈಲ್‌ಟೆಲ್ ಕೂಡ ‘ರೈಲ್‌ವೈರ್’ ಹೆಸರಿನಲ್ಲಿ ಸ್ಥಳೀಯ ನಿರ್ವಾಹಕರ ಮುಖಾಂತರ ಮನೆ ಸಂಪರ್ಕ ನೀಡುತ್ತದೆ. ಇವುಗಳಲ್ಲಿ ಯಾವುದು ತಮ್ಮ ಬೀದಿಗೆ ಬಂದಿದೆ ಎಂಬುದನ್ನು ಗ್ರಾಹಕರೇ ಖಚಿತಪಡಿಸಿಕೊಳ್ಳಬೇಕು.

2011ರ ಜನಗಣತಿಯಂತೆ 1.72 ಲಕ್ಷ ಜನಸಂಖ್ಯೆಯ ಅವಳಿ ನಗರ ಗದಗ-ಬೆಟಗೇರಿಯಲ್ಲಿ ಒಂದೇ ಓಣಿಯಲ್ಲಿ ಇಬ್ಬರು ಮೂವರು ನಿರ್ವಾಹಕರನ್ನು ಹೋಲಿಸಿ ನೋಡುವ ಅವಕಾಶ ಹೆಚ್ಚು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಂತಹ ಚಿಕ್ಕ ಪಟ್ಟಣಗಳಲ್ಲಿ ಆಯ್ಕೆ ಕಡಿಮೆಯಾದಷ್ಟೂ ಒಬ್ಬ ನಿರ್ವಾಹಕನ ದುರಸ್ತಿ ವ್ಯವಸ್ಥೆ ಹೇಗಿದೆ ಎಂಬುದರ ಮಹತ್ವ ಹೆಚ್ಚುತ್ತದೆ. ರಸ್ತೆ ಅಗೆತದಲ್ಲಿ ಎಳೆ ತುಂಡಾದರೆ ಜೋಡಿಸುವ ಯಂತ್ರ, ನುರಿತ ಕೆಲಸಗಾರ ಊರಿನಲ್ಲಿಯೇ ಇದ್ದಾರೆಯೇ, ಗದಗಿನಿಂದಲೋ ಹುಬ್ಬಳ್ಳಿಯಿಂದಲೋ ಬರಬೇಕೇ ಎಂದು ಮೊದಲೇ ವಿಚಾರಿಸುವುದು ಒಳಿತು.

ಫೈಬರ್ ಇಲ್ಲದ ಕಡೆ 5ಜಿ ತರಂಗಗಳ ಮೂಲಕ ಮನೆಗೆ ಅಂತರಜಾಲ ನೀಡುವ ಸೇವೆ ಎರಡನೆಯ ಆಯ್ಕೆ. ಜಿಯೋ ಏರ್‌ಫೈಬರ್ 2023ರ ಸೆಪ್ಟೆಂಬರ್ 19ರಂದು ಬೆಂಗಳೂರು ಸೇರಿ 8 ನಗರಗಳಲ್ಲಿ ಆರಂಭವಾಗಿ ಬಳಿಕ ಇತರೆಡೆಗೆ ವಿಸ್ತರಿಸಿತು. ಏರ್‌ಟೆಲ್ ಕೂಡ ಇಂತಹ ಸೇವೆ ನೀಡುತ್ತದೆ. ಇಲ್ಲಿ ಗೋಪುರದ ಮೇಲಿನ ದಟ್ಟಣೆ ಸಂಜೆ ಹೆಚ್ಚಿದಂತೆ ಪಿಂಗ್ ಏರಿಳಿಯಬಹುದು. ಕಪ್ಪತಗುಡ್ಡದ ಸಾಲು ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿದೆ. ಗುಡ್ಡದ ಮರೆಯಲ್ಲಿರುವ ಮನೆಗಳವರು ಸಿಗ್ನಲ್ ಪರೀಕ್ಷಿಸದೆ ಹಣ ಕಟ್ಟಬಾರದು. ಮೂರನೆಯದು ಮೊಬೈಲ್ ಹಾಟ್‌ಸ್ಪಾಟ್. ಇದನ್ನು ಆಪತ್ಕಾಲಕ್ಕೆ ಮೀಸಲಿಡಬೇಕು. ಬಿಎಸ್ಎನ್ಎಲ್ ಸ್ವದೇಶಿ 4ಜಿ ಜಾಲ 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಗೊಂಡಿದ್ದು, ಮನೆಯ ಫೈಬರ್ ಒಂದು ಸಂಸ್ಥೆಯದಾದರೆ ಮೊಬೈಲ್ ಇನ್ನೊಂದರದ್ದಾಗಿರುವುದು ಕ್ಷೇಮ.

ನಿಜವಾದ ವೆಚ್ಚ

ಜಾಹೀರಾತಿನ ದರಕ್ಕೆ ಶೇ 18ರಷ್ಟು ಜಿಎಸ್‌ಟಿ ಸೇರುತ್ತದೆ. ಉದಾಹರಣೆಗೆ, 2020ರಲ್ಲಿ ಜಿಯೋಫೈಬರ್ 399 ರೂ.ಗೂ ಬಿಎಸ್ಎನ್ಎಲ್ 449 ರೂ.ಗೂ 30 ಎಂಬಿಪಿಎಸ್ ಯೋಜನೆ ಪ್ರಕಟಿಸಿದವು. ತೆರಿಗೆ ಸೇರಿದರೆ ಇವು ಕ್ರಮವಾಗಿ ಸುಮಾರು 471 ಮತ್ತು 530 ರೂ. ಆಗುತ್ತವೆ. ಇದರ ಮೇಲೆ ಅಳವಡಿಕೆ ಶುಲ್ಕ, ರೌಟರ್ ಠೇವಣಿ ಇದೆಯೇ, ಸಂಪರ್ಕ ಬಿಟ್ಟಾಗ ಠೇವಣಿ ಮರಳುವುದೇ ಎಂದು ಕೇಳಿ ರಸೀದಿ ಪಡೆಯಬೇಕು. ಪೋಕರ್ ಒಂದಕ್ಕೇ ಆದರೆ ಅತಿ ಕಡಿಮೆ ದರದ ಯೋಜನೆ ಸಾಕು. ಮಕ್ಕಳ ಆನ್‌ಲೈನ್ ಪಾಠ, ಟಿವಿ, ಮನೆಯಿಂದ ಕೆಲಸ ಇವೆಲ್ಲ ಒಂದೇ ಹೊತ್ತಿಗೆ ನಡೆಯುವ ಮನೆಗೆ 30ರಿಂದ 60 ಎಂಬಿಪಿಎಸ್ ಬೇಕಾದೀತು. ವರ್ಷದ ಬಾಡಿಗೆ ಒಮ್ಮೆಲೇ ಕಟ್ಟಿದರೆ ರಿಯಾಯಿತಿ ಸಿಗುವುದುಂಟು. ಆದರೆ ಮೊದಲ ಎರಡು ಮೂರು ತಿಂಗಳು ಮಾಸಿಕವಾಗಿ ಕಟ್ಟಿ, ಸೇವೆ ನೋಡಿಕೊಂಡು ಮುಂದುವರಿಯುವುದು ಜಾಣತನ.

ಪರೀಕ್ಷೆ ಹೇಗೆ?

ನೆರೆಮನೆಯಲ್ಲಿ ಅದೇ ನಿರ್ವಾಹಕನ ಸಂಪರ್ಕವಿದ್ದರೆ ಸಂಜೆ 7ರಿಂದ 10ರ ನಡುವೆ ಪರೀಕ್ಷಿಸಬೇಕು. ದಟ್ಟಣೆ ಗೊತ್ತಾಗುವುದು ಆಗಲೇ. ಕಂಪ್ಯೂಟರಿನ ಪಿಂಗ್ ಆದೇಶದಿಂದ 100 ಸಂದೇಶ ಕಳುಹಿಸಿ ನೋಡಬಹುದು. ಒಂದೂ ಕಳೆಯದೆ, ಕಾಲವೂ ಹೆಚ್ಚು ಏರಿಳಿಯದೆ ಇದ್ದರೆ ಉತ್ತಮ. ಐದಾರು ಕಳೆದರೆ ಆ ಸಂಪರ್ಕ ಆಟಕ್ಕೆ ತಕ್ಕುದಲ್ಲ.

ದೋಷ ಮನೆಯೊಳಗೂ ಇರಬಹುದು. ದಪ್ಪ ಗೋಡೆಗಳ ಹಳೆಯ ಮಾಳಿಗೆ ಮನೆಗಳಲ್ಲಿ ವೈ-ಫೈ ಒಳಕೋಣೆಗೆ ತಲುಪುವುದು ಕಷ್ಟ. 5 ಗಿಗಾಹರ್ಟ್ಸ್ ತರಂಗ ವೇಗದ್ದಾದರೂ ಗೋಡೆ ದಾಟುವುದರಲ್ಲಿ 2.4 ಗಿಗಾಹರ್ಟ್ಸ್ ಮೇಲು. ಕಂಪ್ಯೂಟರಿಗೆ ನೇರವಾಗಿ ಕೇಬಲ್ ಎಳೆದರೆ ಈ ಸಮಸ್ಯೆಯೇ ಇರದು. ಹೆಸ್ಕಾಂ ವಿದ್ಯುತ್ ಕಡಿತವಾದಾಗ ಫೈಬರ್ ಜೀವಂತವಿದ್ದರೂ ರೌಟರ್ ಆರುತ್ತದೆ. 12 ವೋಲ್ಟ್ ರೌಟರಿಗಾಗಿಯೇ ಸಿಗುವ ಚಿಕ್ಕ ಯುಪಿಎಸ್ ಇದಕ್ಕೆ ಅಗ್ಗದ ಪರಿಹಾರ. ಉಪಕರಣದಲ್ಲಿ ‘ಲಾಸ್’ ಎಂಬ ಕೆಂಪು ದೀಪ ಹತ್ತಿದರೆ ಹೊರಗಿನಿಂದ ಬೆಳಕು ಬರುತ್ತಿಲ್ಲವೆಂದರ್ಥ. ರೌಟರನ್ನು ಆರಿಸಿ ಹಚ್ಚುತ್ತ ಕೂಡದೆ ದೂರು ಕೊಡಬೇಕು.

ದೂರು ಎಲ್ಲಿಗೆ?

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ನಿಯಮಗಳಂತೆ ಮೊದಲು ಸಂಸ್ಥೆಯ ದೂರು ಕೇಂದ್ರಕ್ಕೆ ತಿಳಿಸಿ ದೂರಿನ ಸಂಖ್ಯೆ ಪಡೆಯಬೇಕು. ಪರಿಹಾರ ದೊರೆಯದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದು 39 ದಿನಗಳೊಳಗೆ ತೀರ್ಮಾನಿಸಬೇಕು. ದೂರಸಂಪರ್ಕ ಗ್ರಾಹಕರು ಗ್ರಾಹಕ ಆಯೋಗಕ್ಕೂ ಹೋಗಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. ಈ ನಾಲ್ಕೂ ಊರಿನವರಿಗೆ ಗದಗಿನ ಜಿಲ್ಲಾ ಆಯೋಗವಿದೆ.

ಹಣದ ಆಟಕ್ಕೆ ಇಂತಹ ಆಸರೆ ಯಾವುದೂ ಇಲ್ಲ. ವಿದೇಶದಿಂದ ನಡೆಯುವ ಜಾಲತಾಣಗಳು, ಅಪರಿಚಿತರ ಯುಪಿಐ ಖಾತೆಗೆ ಹಣ ಹಾಕಿಸಿಕೊಳ್ಳುವ ಆ್ಯಪ್‌ಗಳು ಗೆದ್ದ ಹಣ ಕೊಡದಿದ್ದರೆ ಕೇಳುವವರಿರುವುದಿಲ್ಲ. ಮೋಸ ಹೋದವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ದೂರು ಬಂದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಕುಳಿತು ಪೋಕರ್ ಆಡುವವರು ತಿಂಗಳ ಬಾಡಿಗೆಯ ಆಚೆಗೆ ಆಟಕ್ಕೆಂದು ಬೇರೆ ಹಣ ಕಟ್ಟುವ ಪ್ರಸಂಗ ಬಂದರೆ ಅಲ್ಲಿಯೇ ನಿಲ್ಲುವುದು ಕ್ಷೇಮ.