ಮದ್ದು ಎಲ್ಲಿಡಬೇಕು? ಯುದ್ಧ ಟ್ಯಾಂಕಿನ ಒಳಗೊಂದು ನೋಟ

ವಾಡಿ ಜಂಕ್ಷನ್‌ನಿಂದ ಹಳಿಗಳು ಮೂರು ಕಡೆಗೆ ಹೊರಡುತ್ತವೆ. ರಾಯಚೂರು, ಗುಂತಕಲ್ ದಾಟಿ ಹೋದರೆ ಚೆನ್ನೈಗೆ ಸ್ವಲ್ಪ ಮುಂಚೆ ಆವಡಿ. ದೇಶದ ಟ್ಯಾಂಕುಗಳು ತಯಾರಾಗುವ ಕಾರ್ಖಾನೆ ಅಲ್ಲಿದೆ. ಚಿತ್ತಾಪುರ, ಸೇಡಂ, ತಾಂಡೂರಿನ ಮೇಲೆ ಹೋದರೆ ಹೈದರಾಬಾದ್; ಟ್ಯಾಂಕಿನ ಕವಚ ರೂಪುಗೊಂಡದ್ದು ಅಲ್ಲಿನ ಡಿಎಂಆರ್‌ಎಲ್ ಪ್ರಯೋಗಾಲಯದಲ್ಲಿ. ಶಹಾಬಾದ್, ಕಲಬುರಗಿ, ಸೊಲ್ಲಾಪುರದ ದಾರಿ ಹಿಡಿದರೆ ಪುಣೆ; ಕವಚದ ಮೇಲೆ ಕೂರಿಸುವ ಸ್ಫೋಟಕ ಪೆಟ್ಟಿಗೆಗಳ ಕೆಲಸ ನಡೆದದ್ದು ಅಲ್ಲಿ. ವಾಡಿ, ಶಹಾಬಾದ್ ಸುತ್ತಲಿನ ಈ ಸಿಮೆಂಟಿನ ಸೀಮೆಗೂ ಟ್ಯಾಂಕಿಗೂ ಇರುವ ನಂಟು ಇಷ್ಟೇ ಅಲ್ಲ.

1948ರ ಸೆಪ್ಟೆಂಬರ್

ಈ ಸೀಮೆಯನ್ನೂ ಆಳುತ್ತಿದ್ದ ಹೈದರಾಬಾದ್ ನಿಜಾಮರ ಆಳ್ವಿಕೆ ಕೊನೆಗೊಳಿಸಲು ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೊಲ್ಲಾಪುರದ ಕಡೆಯಿಂದ ಒಳನುಗ್ಗಿತು. ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಪಡೆ ನಳದುರ್ಗ, ಉಮರ್ಗಾ, ರಾಜೇಶ್ವರದ ಹೆದ್ದಾರಿಯಲ್ಲಿ ಸಾಗಿತು. ಐದನೇ ದಿನ, 17ರಂದು, ನಿಜಾಮರು ಶರಣಾದರು.

ಆಗ ನಮ್ಮ ಸೇನೆಯ ಬಳಿ ಇದ್ದದ್ದು ಎರಡನೇ ಮಹಾಯುದ್ಧದ ಶರ್ಮನ್, ಸ್ಟುವರ್ಟ್ ಟ್ಯಾಂಕುಗಳು. ಶರ್ಮನ್‌ನಲ್ಲಿ ಐವರು ಕೂರುತ್ತಿದ್ದರು, ಗುಂಡು ತುಂಬುವುದಕ್ಕೇ ಒಬ್ಬ. ಪೆಟ್ಟು ಬಿದ್ದಾಗ ಅದು ಬೇಗ ಹೊತ್ತಿಕೊಳ್ಳುತ್ತದೆಂದು ಎಲ್ಲರೂ ಪೆಟ್ರೋಲನ್ನು ದೂರುತ್ತಿದ್ದರು. ತನಿಖೆಯಲ್ಲಿ ಸಿಕ್ಕ ಮುಖ್ಯ ಅಪರಾಧಿ ಮಾತ್ರ ಬೇರೆ: ಒಳಗೇ ಜೋಡಿಸಿಟ್ಟ ಮದ್ದುಗುಂಡು. ಅದನ್ನು ನೆಲಮಟ್ಟಕ್ಕಿಳಿಸಿ ಸುತ್ತ ದ್ರವ ತುಂಬಿದ ಮೇಲೆ ಬೆಂಕಿ ಕಡಿಮೆಯಾಯಿತು. ಟ್ಯಾಂಕ್ ವಿನ್ಯಾಸಕಾರರ ತಲೆನೋವು ಅಂದಿನಿಂದ ಇಂದಿನವರೆಗೂ ಅದೇ.

ತುಂಬುವ ಕೈ, ತುಂಬುವ ಯಂತ್ರ

ಸೋವಿಯತ್ ಮೂಲದ ಟಿ-72, ನಮ್ಮಲ್ಲಿ ‘ಅಜೇಯ’. ಅದರಲ್ಲಿ ಮೂವರೇ: ಚಾಲಕ, ಗುರಿಕಾರ, ಕಮಾಂಡರ್. ಗುಂಡು ತುಂಬುವವನ ಜಾಗದಲ್ಲಿ ಯಂತ್ರವಿದೆ. ಗೋಪುರದ ಕೆಳಗೆ, ನೆಲಕ್ಕೆ ಅಂಟಿಕೊಂಡು ತಿರುಗುವ ತಟ್ಟೆಯಲ್ಲಿ 22 ಗುಂಡುಗಳು. ಗುಂಡು ಬೇರೆ, ಅದನ್ನು ತಳ್ಳುವ ಮದ್ದು ಬೇರೆ. ಗುಂಡಿ ಒತ್ತಿದರೆ ತಟ್ಟೆ ತಿರುಗಿ ಬೇಕಾದ ಬಗೆಯ ಗುಂಡು ಮೇಲೇರುತ್ತದೆ. ಮೊದಲು ಗುಂಡನ್ನು, ಬಳಿಕ ಮದ್ದನ್ನು 125 ಮಿ.ಮೀ. ಫಿರಂಗಿಯೊಳಗೆ ಯಂತ್ರವೇ ತಳ್ಳುತ್ತದೆ. ಟಿ-90 ‘ಭೀಷ್ಮ’ದ್ದೂ ಇದೇ ಏರ್ಪಾಡು.

ಒಬ್ಬ ಆಳು ಕಡಿಮೆಯಾದರೆ ಟ್ಯಾಂಕು ಗಿಡ್ಡವಾಗುತ್ತದೆ, ಹಗುರವಾಗುತ್ತದೆ. ಟಿ-90ರ ತೂಕ ಸುಮಾರು 46 ಟನ್. ಆದರೆ ಗುರಿಕಾರ, ಕಮಾಂಡರ್ ಇಬ್ಬರೂ ಮದ್ದಿನ ಮೇಲೆಯೇ ಕೂತಿರುತ್ತಾರೆ. ತಟ್ಟೆಯಲ್ಲಿ ಹಿಡಿಸದ ಗುಂಡುಗಳನ್ನು ಅಲ್ಲಲ್ಲಿ ಸಂದುಗಳಲ್ಲಿ ಇಟ್ಟಿರುತ್ತಾರೆ. ನನ್ನ ಮಟ್ಟಿಗೆ ತಟ್ಟೆಗಿಂತ ಅಪಾಯ ಅವೇ. ಕಿಡಿ ತಾಗಿದರೆ ಇಡೀ ಗೋಪುರ ಕಿತ್ತು ಹಾರುತ್ತದೆ. 1991ರ ಕೊಲ್ಲಿ ಯುದ್ಧದಲ್ಲಿ, 2022ರಿಂದ ಉಕ್ರೇನಿನಲ್ಲಿ ಜಗತ್ತು ಇದನ್ನು ಕಂಡಿದೆ.

ಅಮೆರಿಕದ ಅಬ್ರಾಮ್ಸ್ ಬೇರೆ ದಾರಿ ಹಿಡಿಯಿತು. ಮದ್ದು ಗೋಪುರದ ಹಿಂಭಾಗದಲ್ಲಿ, ನಡುವೆ ಉಕ್ಕಿನ ಬಾಗಿಲು. ಮದ್ದು ಹೊತ್ತಿದರೆ ಮೇಲಿನ ಹಲಗೆ ಹಾರಿಹೋಗಿ ಬೆಂಕಿ ಆಕಾಶಕ್ಕೆ ಹೋಗುತ್ತದೆ, ಸೈನಿಕರ ಕಡೆಗಲ್ಲ. ನಮ್ಮ ಅರ್ಜುನ್ ಟ್ಯಾಂಕಿನಲ್ಲಿ ನಾಲ್ವರು, 120 ಮಿ.ಮೀ. ಫಿರಂಗಿಗೆ ಗುಂಡು ತುಂಬುವುದು ಮನುಷ್ಯನ ಕೈಯೇ.

ಕವಚ

ಅರ್ಜುನ್‌ನ ಕವಚದ ಹೆಸರು ‘ಕಾಂಚನ್’. ಡಿಎಂಆರ್‌ಎಲ್ ಇರುವ ಕಾಂಚನಬಾಗ್‌ನಿಂದ ಬಂದ ಹೆಸರು. ಶಹಾಬಾದಿನ ಗಣಿಯ ಕಲ್ಲಿನಂತೆ ಇದೂ ಪದರು ಪದರು: ಉಕ್ಕಿನ ಹಲಗೆಗಳ ನಡುವೆ ಸೆರಾಮಿಕ್. ನಿಖರವಾದ ರಚನೆ ಗುಟ್ಟು.

ಕವಚಕ್ಕೆ ಶತ್ರುಗಳು ಎರಡು. ಒಂದು, ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಬಂದು ತೂರುವ ಉದ್ದನೆಯ ಟಂಗ್‌ಸ್ಟನ್ ಸಲಾಕೆ. ಇನ್ನೊಂದು, ಸಿಡಿದಾಗ ತಾಮ್ರದ ಲೇಪವನ್ನು ಹಿಂಡಿ ಸಪೂರ ಧಾರೆಯಾಗಿ ಚಿಮ್ಮಿಸುವ ಸಿಡಿತಲೆ. ಈ ಧಾರೆಯನ್ನು ಕದಡಲೆಂದೇ ಹೊರಮೈಗೆ ಸ್ಫೋಟಕ ಪೆಟ್ಟಿಗೆ ಜೋಡಿಸುತ್ತಾರೆ. ಧಾರೆ ತಾಗಿದೊಡನೆ ಪೆಟ್ಟಿಗೆ ಸಿಡಿದು, ಅದರ ಹಲಗೆಗಳು ಓರೆಯಾಗಿ ಚಿಮ್ಮಿ ಧಾರೆಯನ್ನು ತುಂಡರಿಸುತ್ತವೆ. ಇದಕ್ಕೆ ಪ್ರತಿಯಾಗಿ ಜೋಡಿ ಸಿಡಿತಲೆ ಬಂತು: ಮೊದಲನೆಯದು ಪೆಟ್ಟಿಗೆಯನ್ನು ಸಿಡಿಸುತ್ತದೆ, ಹಿಂದಿನದು ಒಳಹೊಗುತ್ತದೆ.

ಬರುವಾಗಲೇ ತಡೆ

ಇಸ್ರೇಲಿನ ‘ಟ್ರೋಫಿ’ ಎಂಬ ರಕ್ಷಣಾ ವ್ಯವಸ್ಥೆ ರಾಡಾರ್‌ನಿಂದ ಕ್ಷಿಪಣಿಯನ್ನು ಗುರುತಿಸಿ, ಅದು ತಾಗುವ ಮೊದಲೇ ಹೊಡೆದುರುಳಿಸುತ್ತದೆ. 2011ರಿಂದ ಯುದ್ಧಭೂಮಿಯಲ್ಲಿ ಕೆಲಸ ಮಾಡುತ್ತಿದೆ. ಮೇಲಿನಿಂದ ಎರಗುವ ಅಗ್ಗದ ಡ್ರೋನಿಗಾಗಿ ಗೋಪುರದ ಮೇಲೆ ಕಂಬಿಯ ಪಂಜರ ಕಟ್ಟುವುದೂ ಈಗ ರೂಢಿ.

ರಕ್ಷಣೆ ಹೆಚ್ಚಿದಷ್ಟೂ ಭಾರ. 2021ರಲ್ಲಿ ರಕ್ಷಣಾ ಸಚಿವಾಲಯ ಸೇನೆಗಾಗಿ 118 ಅರ್ಜುನ್ ಮಾರ್ಕ್-1ಎ ಟ್ಯಾಂಕುಗಳಿಗೆ ಬೇಡಿಕೆ ಸಲ್ಲಿಸಿತು. ಅದರ ತೂಕ ಸುಮಾರು 68 ಟನ್. ಅದು ಹೋಗುವ ದಾರಿಯ ಸೇತುವೆಗಳೂ ಅಷ್ಟನ್ನು ಹೊರಬೇಕು.